ಮಗಳಿಗೆ ಚಳಿ ತೋರಿಸಲು ಹೋದದ್ದು

ಮಗಳಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಸ್ಯಾನ್ ಡಿಯೇಗೋದಲ್ಲಿ. ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸ್‌ನ ನಮ್ಮ ಮನೆಯಿಂದ ಎರಡು ಗಂಟೆ ಡ್ರೈವ್ ಮಾಡಿದರೆ ಸಾಕು, ಸಾರಿನ ಡಬ್ಬಿ ಬಿಸಿಯಾಗಿಯೇ ತಲುಪುತ್ತದೆ. ಇನ್ನೊಂದು ದೂರದ ಮಿನ್ನೆಸೋಟದಲ್ಲಿ, ವರ್ಷದಲ್ಲಿ ಐದು ತಿಂಗಳು ಹಿಮ ಹೊದ್ದು ಮಲಗುವ ಊರಲ್ಲಿ. ಅವಳ ಮನಸ್ಸೆಲ್ಲ ಅಲ್ಲಿತ್ತು. ನನ್ನ ಜೀವ ಇಲ್ಲಿ ಒದ್ದಾಡುತ್ತಿತ್ತು. ಬೇಡ ಅಂದರೆ ಹಟ ಹಿಡಿಯುತ್ತಾಳೆ, ನನ್ನ ಹೊಟ್ಟೆಯಲ್ಲೇ ಹುಟ್ಟಿದವಳಲ್ಲವೇ! ಅದಕ್ಕೇ ಬಾಯಿ ಮುಚ್ಚಿಕೊಂಡು ಒಂದು ಉಪಾಯ ಹೂಡಿದೆ.

ಆ ವರ್ಷ ಮಾರ್ಚ್ ಮುಗಿಯುತ್ತ ಬಂದರೂ ಲಾಸ್ ಏಂಜಲೀಸ್‌ನ ಆಚೆಯ ಬೆಟ್ಟಗಳ ಮೇಲೆ ಹಿಮ ಕರಗಿರಲಿಲ್ಲ. "ಶನಿವಾರ ಹಿಮ ನೋಡ್ಲಿಕ್ಕೆ ಹೋಗೋಣ್ರೀ," ಅಂದೆ ಗಂಡನಿಗೆ. ಅವರು ಬೆಂಗಳೂರಿನವರು, ನಾನು ಕಲಬುರಗಿಯ ಬಿಸಿಲಲ್ಲಿ ಬೆಳೆದವಳು. ನಮ್ಮ ಕಡೆ ಚಳಿಯೆಂದರೆ ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಸ್ನಾನ ಮಾಡುವ ನಾಲ್ಕು ದಿನ, ಅಷ್ಟೇ. ಟೊರೆನ್ಸ್‌ನ ಡಿಸೆಂಬರಿಗೇ ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ.

"ಏನೇ ಇದು, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?" ಅಂದರು ಅವರು.

"ಆಕಿಗೆ ಚಳಿ ಅಂದ್ರ ಏನಂತ ಒಮ್ಮೆ ಗೊತ್ತಾಗ್ಲಿ. ಮೂಗು ಕೆಂಪಾತಂದ್ರ ತಾನೇ ಸ್ಯಾನ್ ಡಿಯೇಗೋ ಅಂತಾಳ."

"ಪಾಪ ಕಣೇ."

ಪಾಪವೂ ಇಲ್ಲ, ಗೀಪವೂ ಇಲ್ಲ. ಮಗಳ ದಪ್ಪ ಕೈಗವಸುಗಳನ್ನು ನನ್ನ ಬ್ಯಾಗಿನ ತಳಕ್ಕೆ ತುರುಕಿದೆ. ಹೊರಡುವಾಗ ಅವಳು ಹುಡುಕಾಡಿದರೆ, ನನಗೇನು ಗೊತ್ತು ಅಂದುಬಿಟ್ಟೆ.

ಬೆಟ್ಟದ ಅರ್ಧ ದಾರಿಯಲ್ಲಿ ಕಾರು ಹಿಮದಲ್ಲಿ ಜಾರದಂತೆ ಟೈರುಗಳಿಗೆ ಸರಪಳಿ ಬಿಗಿಯಬೇಕಾಯಿತು. ಮೇಲೆ ಪೈನ್ ಮರಗಳ ನಡುವೆ ಇಳಿದಾಗ ಹಿಮ ಬೀಳುತ್ತಿತ್ತು. ಅಪ್ಪ ಮಗಳು ಪ್ಲಾಸ್ಟಿಕ್ ಜಾರುಹಲಗೆ ಹಿಡಿದು ಇಳಿಜಾರಿನತ್ತ ಓಡಿದರು. ನಾನು ಕಾರಿನಲ್ಲೇ ಕೂರಬೇಕೆಂದಿದ್ದವಳು, ಯಾಕೋ ಮರಗಳ ಒಳಗೆ ನಡೆಯತೊಡಗಿದೆ.

ಸದ್ದೇ ಇಲ್ಲ. ಮಳೆಗೆ ಸದ್ದಿದೆ, ನಮ್ಮೂರ ಬಿಸಿಲಿಗೂ ಒಂದು ಸದ್ದಿದೆ, ಇದಕ್ಕಿಲ್ಲ. ಯಾರೋ ಮೇಲೆ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿರುವ ಹಾಗೆ ಬಿಳುಪು ಇಳಿಯುತ್ತಲೇ ಇತ್ತು. ಕಿವಿಯ ಹತ್ತಿ ತೆಗೆದೆ. ಮೊದಲು ಕೂತೆ, ಆಮೇಲೆ, ಯಾರಾದರೂ ನೋಡಿದರೆ ನೋಡಲಿ ಎಂದು, ಮಲಗಿಯೇಬಿಟ್ಟೆ. ಮುಖದ ಮೇಲೆ ಹಿಮ ಕೂತು ಕರಗುತ್ತಿತ್ತು. ನಾನು ಮೇಲಕ್ಕೆ ತೇಲುತ್ತಿದ್ದೆನೋ, ಆಕಾಶವೇ ಕೆಳಗಿಳಿಯುತ್ತಿತ್ತೋ ತಿಳಿಯಲಿಲ್ಲ. ಎಷ್ಟು ಹೊತ್ತಾಯಿತೋ. ಅಯ್ಯ ಶಿವನೇ, ಎಷ್ಟು ಚೆಂದವಿತ್ತು! ಅವ್ವ ಇದನ್ನು ನೋಡಲೇ ಇಲ್ಲವಲ್ಲ ಅನ್ನಿಸಿತು. ನಾನು ಅಮೆರಿಕಕ್ಕೆ ಹೊರಟ ದಿನ ಅವಳು ಬೇಡ ಎಂದು ಒಂದು ಮಾತು ಅಂದಿದ್ದರೂ ನಾನೂ ನೋಡುತ್ತಿರಲಿಲ್ಲ.

"ಅಮ್ಮಾ! ಆರ್ ಯು ಓಕೆ?"

ಮಗಳು ಬಗ್ಗಿ ನಿಂತಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದವು, ಬೆರಳುಗಳು ಕೆಂಪಗೆ ಸೆಟೆದಿದ್ದವು. ಪಕ್ಕದಲ್ಲಿ ಕುಸಿದು ಕೂತು, ಅಳು ನುಂಗಿಕೊಂಡು ಅಂದಳು: "ಐ ಕಾಂಟ್ ಡೂ ದಿಸ್. ಸ್ಯಾನ್ ಡಿಯೇಗೋ ಈಸ್ ಫೈನ್."

ನನಗೆ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳ ಕೈಗಳನ್ನು ನನ್ನ ಕೋಟಿನೊಳಗೆ ಎಳೆದುಕೊಂಡು ತಿಕ್ಕಿದೆ. ಈ ಕೈ ಹೀಗೆ ಸೆಟೆಯುವಂತೆ ಮಾಡಿದವಳು ನಾನು ಎಂದು ನಾಚಿಕೆಯಾಯಿತು. ಬ್ಯಾಗಿನಿಂದ ಕೈಗವಸು ತೆಗೆದು ಅವಳ ತೊಡೆಯ ಮೇಲಿಟ್ಟೆ.

"ನಾನೇ ಮುಚ್ಚಿಟ್ಟಿದ್ದೆ. ನೀ ಹೆದರ್ಲಿ ಅಂತ. ಅಲ್ಲಿಗೆ ಹೋಗಬಾರ್ದು ಅಂತ."

"ವಾಟ್? ಸೀರಿಯಸ್ಲಿ, ಅಮ್ಮಾ?" ಅವಳು ಸಿಟ್ಟಿನಿಂದ ಕೈ ಕಿತ್ತುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

"ಬೈಯಿ, ಎಷ್ಟ್ ಬೇಕೋ ಬೈಯಿ. ಆದ್ರ ಈ ಚಳಿಗೆ ಹೆದರಬ್ಯಾಡ. ಕೈಗವಸು ಇದ್ರ ಇದು ಏನೂ ಮಾಡಂಗಿಲ್ಲ. ನಿನಗ ಎಲ್ಲಿ ಮನಸೈತೋ ಅಲ್ಲಿಗೇ ಹೋಗು."

ಅವಳು ಕೈ ಎಳೆಯುವುದನ್ನು ಬಿಟ್ಟಳು. ರೆಪ್ಪೆಗಳ ಮೇಲೆ ಹಿಮ ಕೂತಿತ್ತು. ಸಿಟ್ಟು ಇಳಿಯಿತೋ ಇಲ್ಲವೋ, ತಲೆಯನ್ನು ನನ್ನ ಭುಜಕ್ಕೆ ಒರಗಿಸಿ ಮೆಲ್ಲಗೆ ಕೇಳಿದಳು: "ವಿಲ್ ಯು ಬಿ ಓಕೆ?"

"ಇಲ್ಲ," ಅಂದೆ. "ಆದ್ರೂ ಹೋಗು."