ಹೋಗುವಾಗ ಅಕ್ಕಿ, ಬರುವಾಗ ಉಪ್ಪು

ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ಮೆಟುಚೆನ್ ಸ್ಟೇಷನ್ನಿನಲ್ಲಿ ದಿನಾ ನನ್ನ ಜೊತೆ ಟ್ರೇನ್ ಹತ್ತುತ್ತಿದ್ದ ಬಿಲ್, ಒಮ್ಮೆ ನನ್ನನ್ನು ನೇಪಾಳದ ಒಂದು ಕಣಿವೆಗೆ ಟ್ರೆಕ್ಕಿಂಗಿಗೆ ಎಳೆದುಕೊಂಡು ಹೋದ. ಇಂಡಿಯನ್ ಅಂದಮೇಲೆ ಹಿಮಾಲಯ ನನ್ನ ಮನೆಯ ಹಿತ್ತಲು ಅಂತ ಅವನ ನಂಬಿಕೆ. ಧಾರವಾಡದವನಾದ ನಾನು ಹಿಮ ಅಂತ ಮೊದಲು ಕಂಡಿದ್ದೇ ನ್ಯೂಜೆರ್ಸಿಯಲ್ಲಿ, ಅದೂ ಬಾಗಿಲ ಮುಂದೆ ಬಿದ್ದದ್ದನ್ನು ಎತ್ತಿಹಾಕಲು ಸಲಿಕೆ ಹಿಡಿದು.

ಆರನೆಯ ದಿನ ಒಂದು ಹಳ್ಳಿಮನೆಯಲ್ಲಿ ಉಳಿದೆವು. ಮನೆಯ ಯಜಮಾನರು ಹಳೇ ವ್ಯಾಪಾರಿ. ಟಿಬೆಟ್ಟಿಗೆ ಹೋಗುವಾಗ ಅಕ್ಕಿ, ಬರುವಾಗ ಉಪ್ಪು ಹೇರಿಕೊಂಡು ಅರ್ಧ ಆಯುಷ್ಯ ನಡೆದವರು. ನಮ್ಮ ದಪ್ಪ ಬೆನ್ನುಚೀಲಗಳನ್ನು ನೋಡಿ ಹಿಂದಿಯಲ್ಲಿ ವಿಚಾರಿಸಿದರು.

“ಮಾರೋದಕ್ಕೆ ಏನು ತಂದಿದ್ದೀರಿ?”

“ಏನೂ ಇಲ್ಲ.”

“ಹಾಗಾದರೆ ಕೊಳ್ಳೋದಕ್ಕೆ ಬಂದಿದ್ದೀರಿ.”

“ಇಲ್ಲ, ಸುಮ್ಮನೆ ನಡೆಯೋದಕ್ಕೆ.”

ಅವರು ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು. “ಊರಲ್ಲಿ ಏನಾದರೂ ತೊಂದರೆಯಾ?”

ಮರ್ಯಾದೆ ಉಳಿಸಿಕೊಳ್ಳಬೇಕಾಯಿತು. ಒಳ್ಳೇ ಕೆಲಸ ಇದೆ, ಇಬ್ಬರೂ ದಿನಾ ಟ್ರೇನಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುತ್ತೇವೆ ಅಂದೆ. ಯಜಮಾನರ ಮುಖ ಅರಳಿತು. ದಿನಾ ಹೋಗಿಬರುವವರು ಅಂದರೆ ತಮ್ಮವರೇ.

“ಹೋಗುವಾಗ ಏನು ಒಯ್ಯುತ್ತೀರಿ, ಬರುವಾಗ ಏನು ತರುತ್ತೀರಿ?”

ಬಿಲ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಇಬ್ಬರೂ ಚಹಾ ಕುಡಿದೆವು.

ವಾಪಸು ಬಂದ ಸೋಮವಾರ ಪ್ಲಾಟ್‌ಫಾರ್ಮಿನಲ್ಲಿ ಬ್ರೀಫ್‌ಕೇಸ್ ಹಿಡಿದು ನಿಂತಿದ್ದಾಗ ಬಿಲ್ ನನ್ನದರಲ್ಲಿ ಏನಿದೆ ಅಂತ ಕೇಳಿದ. ಮೊಸರನ್ನ ಅಂದೆ. ಅವನದರಲ್ಲಿ ಸ್ಯಾಂಡ್‌ವಿಚ್ ಇತ್ತು.

ಸಂಜೆ ಬರುವಾಗ ಅದೂ ಇರಲಿಲ್ಲ.