ನೀರಿನ ಪಿಕ್ಚರು

ಹೂಡೆಯ ವಾರಿಜಾ ಮೊದಲ ಸಲ ಸಿನಿಮಾ ನೋಡಿದ್ದು ಐವತ್ತಾರನೆಯ ಇಸವಿಯ ಬೇಸಗೆಯಲ್ಲಿ, ಬಿಸಿಲು ತಾಳಲಾರದೆ. ಬೆಳಿಗ್ಗೆ ಕೆಮ್ಮಣ್ಣಿನವರೆಗೆ ನಡೆದು, ಅಲ್ಲಿಂದ ಬುಟ್ಟಿಯನ್ನು ಬಸ್ಸಿನ ತಲೆಯ ಮೇಲೆ ಏರಿಸಿ ಉಡುಪಿಗೆ ಬಂದು, ಬೀದಿ ಬೀದಿ ತಿರುಗಿ ಬಂಗುಡೆ ಮೀನು ಮಾರಿ ಮುಗಿಸುವಾಗ ಎರಡೂವರೆಯಾಗಿತ್ತು. ಹಿಂದಿರುಗುವ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಟಾಕೀಸಿನ ಗೋಡೆಯ ನೆರಳಿನಲ್ಲಿ ಕುಳಿತವಳು ತಲೆಯೆತ್ತಿ ನೋಡಿದರೆ ಮೇಲೊಂದು ದೊಡ್ಡ ಬಣ್ಣದ ಚಿತ್ರ. ಒಂದು ಊರಿನ ಮೇಲೆ ಬೀಳಲು ನಿಂತ ನೀರು, ಅದರ ಕೆಳಗೆ ಕೈ ಮೇಲೆತ್ತಿದ ಜನ. ಅವಳು ಎದ್ದು ಟಿಕೆಟು ತೆಗೆದುಕೊಂಡಳು.

ಗೇಟಿನಲ್ಲಿದ್ದ ಶಿರ್ವದ ರೊಸಾರಿಯೊ ತಡೆದ. "ಬುಟ್ಟಿ ಹೊರಗೆ ಇಡಿ ಅಕ್ಕ. ಒಳಗೆ ಜನ ಇದ್ದಾರೆ, ವಾಸನೆ ಅಂತ ಗಲಾಟೆ ಮಾಡ್ತಾರೆ."

"ಬುಟ್ಟಿ ಇಟ್ಟರೂ ವಾಸನೆ ನನ್ನ ಜೊತೆಗೇ ಬರ್ತದೆ ಪೊರ್ಬುಗಳೇ," ಎಂದಳು ವಾರಿಜಾ. ತುಳುವರು ಕ್ರಿಸ್ತುವರನ್ನು ಮರ್ಯಾದೆಯಿಂದ ಕರೆಯುವುದು ಹಾಗೆಯೇ. ರೊಸಾರಿಯೊ ನಕ್ಕು, ಬಾಗಿಲ ಪಕ್ಕದ ನೆಲದಲ್ಲಿ ಕೂರಿಸಿದ.

ಕಥೆ ಏನೆಂದು ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ಭಾಷೆ ಹಿಂದಿಯಾಗಿತ್ತು. ಆದರೆ ಕೊನೆಯ ಭಾಗದಲ್ಲಿ ಕಟ್ಟೆ ಒಡೆದು ನೀರು ನುಗ್ಗಿತು. ಮನೆಗಳು ಉರುಳಿದವು, ದನಗಳು ತೇಲಿದವು, ಜಮೀನ್ದಾರನ ಉಪ್ಪರಿಗೆಯೂ ಕೂಲಿಯವನ ಗುಡಿಸಲೂ ಒಟ್ಟಿಗೇ ಮುಳುಗಿದವು. ಸುತ್ತಲಿನವರು ಅಳುತ್ತಿದ್ದರು. ವಾರಿಜಾಳಿಗೆ ಅಳು ಬರಲಿಲ್ಲ. ಎದೆಯ ಮೇಲೆ ಬಹಳ ಕಾಲದಿಂದ ಕುಳಿತಿದ್ದ ಏನೋ ಒಂದು ಎದ್ದು ಹೋದ ಹಾಗಾಯಿತು. ಮನೆಗೆ ಹೋಗಿ ಗಂಜಿ ಬೇಯಿಸುವಾಗ ಅವಳಿಗೆ ಅರಿವಿಲ್ಲದೆಯೇ ಬಾಯಲ್ಲಿ ಹಳೆಯ ಹಾಡಿನ ಪದವೊಂದು ಬಂತು. ಗಂಡ ಚಂದು ತಿರುಗಿ ನೋಡಿದ.

ಆ ಪಿಕ್ಚರು ಎರಡು ವಾರ ಓಡಿತು. ವಾರಿಜಾ ಆರು ಸಲ ನೋಡಿದಳು.

ಹೂಡೆಯಲ್ಲಿ ಅವರ ಮನೆ ಇದ್ದದ್ದು ಪಡುವಣ ಕಡಲಿಗೂ ಮೂಡಣ ಹೊಳೆಗೂ ನಡುವಿನ ಹೊಯಿಗೆಯ ಪಟ್ಟಿಯಲ್ಲಿ, ಬರೀ ಮರಳಿನ ಮೇಲೆ. ಕಾಪುವಿನಿಂದ ಮದುವೆಯಾಗಿ ಬಂದ ವರ್ಷ ಅಂಗಳದಿಂದ ಕಡಲಿಗೆ ಹೋಗಲು ಮೂರು ಸಾಲು ತೆಂಗು ದಾಟಬೇಕಿತ್ತು. ಪ್ರತಿ ಮಳೆಗಾಲದಲ್ಲಿ ಕಡಲು ಒಂದೋ ಎರಡೋ ಮರ ತೆಗೆದುಕೊಂಡು ಹೋಗುತ್ತಿತ್ತು. ಮರ ಬೀಳುವುದಕ್ಕೇ ಒಂದು ತಿಂಗಳು. ಮೊದಲು ಬುಡದ ಹೊಯಿಗೆ ಜಾರುವುದು, ಬೇರು ಹೊರಗೆ ಕಾಣುವುದು, ಮರ ವಾಲುವುದು, ಒಂದು ಬೆಳಿಗ್ಗೆ ಎದ್ದರೆ ಇಲ್ಲ. ಚಂದು ಎರಡು ಸಲ ಮನೆಯನ್ನು ಬಿಚ್ಚಿ ಹಿಂದಕ್ಕೆ ಒಯ್ದು ಕಟ್ಟಿದ್ದ. ಎರಡನೆಯ ಸಲ ಬೆನ್ನಿಗೆ ಹೊಳೆ ತಾಗಿತ್ತು. ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಇದ್ದಿದ್ದರೆ ಎಲ್ಲಿ ಮಲಗಿಸುವುದು ಎಂದು ವಾರಿಜಾ ಒಮ್ಮೊಮ್ಮೆ ಯೋಚಿಸುತ್ತಿದ್ದಳು.

ಹೊಸ ಪಿಕ್ಚರು ಬಂದಾಗಲೆಲ್ಲ ಅವಳು ಗೇಟಿನಲ್ಲಿ ನಿಂತು ವಿಚಾರಿಸುವುದು ರೂಢಿಯಾಯಿತು. "ಇದರಲ್ಲಿ ನೀರು ಉಂಟಾ?"

"ಇದರಲ್ಲಿ ಇಲ್ಲ ವಾರಿಜಕ್ಕ. ಬರೀ ಹಾಡು," ಎಂದರೆ ಹಿಂದಿರುಗುತ್ತಿದ್ದಳು. ಬಿರುಗಾಳಿ ಇದ್ದರೂ ಆಗುತ್ತಿತ್ತು, ಭೂಮಿ ನಡುಗಿದರೂ ಆಗುತ್ತಿತ್ತು. ಗುಡ್ಡವೊಂದು ಬೆಂಕಿ ಕಾರಿ ಪಟ್ಟಣವನ್ನು ಸುಡುವ ಇಂಗ್ಲಿಷ್ ಪಿಕ್ಚರನ್ನು ಒಂದಕ್ಷರ ತಿಳಿಯದೆ ಮೂರು ಸಲ ನೋಡಿದಳು.

ರೊಸಾರಿಯೊ ಒಮ್ಮೆ ಕೇಳಿಯೇ ಬಿಟ್ಟ. "ಅಲ್ಲ, ನೀವು ಕಡಲ ಬದಿಯವರು. ನೀರು ನೋಡ್ಲಿಕ್ಕೆ ಉಡುಪಿಗೆ ಯಾಕೆ ಬರಬೇಕು?"

ವಾರಿಜಾ ಬುಟ್ಟಿ ಕೆಳಗಿಟ್ಟಳು. "ಇಲ್ಲಿ ಎಲ್ಲ ಒಮ್ಮೆಗೇ ಹೋಗ್ತದೆ ಪೊರ್ಬುಗಳೇ. ಎಲ್ಲರದ್ದೂ ಹೋಗ್ತದೆ. ಮತ್ತೆ ಮುಗೀತು, ಲೈಟು ಹಾಕ್ತಾರೆ. ನಮ್ಮಲ್ಲಿ ಮುಗಿಯುವುದೇ ಇಲ್ಲ."

ಅರುವತ್ತರ ಬೇಸಗೆಯಲ್ಲಿ ಮತ್ತೊಂದು ನೀರಿನ ಪಿಕ್ಚರು ಬಂತು. ಈ ಸಲ ಅವಳು ಚಂದುವನ್ನು ಹಟಮಾಡಿ ಕರೆದುಕೊಂಡು ಹೋದಳು. ಒಬ್ಬಳೇ ಹೊರುತ್ತಿದ್ದ ಆ ಹಗುರವನ್ನು ಅವನಿಗೂ ಕೊಡಬೇಕೆಂಬ ಆಸೆ. ಚಂದು ಒಗೆದ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತ. ತೆರೆಯ ಮೇಲೆ ಕಡಲು ಎದ್ದು ಬಂದರನ್ನು ನುಂಗುವಾಗ ಅವಳು ನೋಡಿದ್ದು ತೆರೆಯನ್ನಲ್ಲ, ಗಂಡನ ಮುಖವನ್ನು. ಅವನು ಹುಬ್ಬು ಗಂಟುಹಾಕಿಕೊಂಡು ನೋಡುತ್ತಿದ್ದವನು ನಡುವಿನಲ್ಲಿಯೇ ಎದ್ದು ಹೊರಗೆ ಹೋದ. ಅವಳೂ ಹಿಂದೆಯೇ ಹೋದಳು.

"ಎಂತ ಆಯ್ತು?"

"ಅದು ಕಡಲು ಅಲ್ಲ," ಎಂದ ಚಂದು. "ತೊಟ್ಟಿಯಲ್ಲಿ ನೀರು ಕಲಕಿದ್ದು. ಹನಿ ನೋಡಿದೆಯಾ, ಮನೆಯಷ್ಟು ದೊಡ್ಡದು. ಆ ದೋಣಿ ಅಂಗೈಯಷ್ಟು ಇರಬಹುದು."

"ನಮಗೆ ಗೊತ್ತಾಗ್ತದೆ. ಅದಕ್ಕೆ ಎಂತ?"

"ಕಡಲು ಹಾಗೆ ಬರುವುದಿಲ್ಲ ವಾರಿಜಾ. ನೀನು ದಿನಾ ನೋಡ್ತೀಯಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಳು. ಅವಳಿಗೆ ಸಿಟ್ಟು ಬಂದಿತ್ತು. ಅವನು ಹೇಳಿದ್ದು ನಿಜವೆಂದೇ ಸಿಟ್ಟು.

ಅರುವತ್ತೆರಡರ ಆಟಿಯ ತಿಂಗಳಲ್ಲಿ, ಮಳೆ ಜೋರಾಗಿದ್ದಾಗ, ಕಡಲು ಅಂಗಳಕ್ಕೆ ಬಂತು. ಒಂದು ಭಾನುವಾರ ಬೆಳಿಗ್ಗೆ ಪಡುಬದಿಯ ಗೋಡೆ ಬಿರುಕು ಬಿಟ್ಟಿತು. ಚಂದು ಮಾಡಿಗೆ ಹತ್ತಿ ಹಂಚು ಇಳಿಸತೊಡಗಿದ. ವಾರಿಜಾ ಕೆಳಗೆ ನಿಂತು ಒಂದೊಂದನ್ನೇ ತೆಗೆದುಕೊಂಡು ಹೊಳೆಯ ದಂಡೆಯಲ್ಲಿ ಪೇರಿಸುತ್ತಿದ್ದಳು. ಅಷ್ಟರಲ್ಲಿ ಸುದ್ದಿ ಹಬ್ಬಿ ಜನ ಬಂದರು. ಕೆಮ್ಮಣ್ಣಿನಿಂದ, ಕಲ್ಯಾಣಪುರದಿಂದ, ಉಡುಪಿಯಿಂದಲೂ ಬಂದರು. ಕೊಡೆ ಹಿಡಿದು, ಪಂಚೆ ಎತ್ತಿಕಟ್ಟಿ, ತೆಂಗಿನ ಮರಗಳ ನಡುವೆ ಸಾಲಾಗಿ ನಿಂತರು. ಯಾರೋ ನೆಲಗಡಲೆ ತಿನ್ನುತ್ತಿದ್ದರು. ಪ್ರತಿ ತೆರೆ ಬಂದು ಗೋಡೆಗೆ ಹೊಡೆದಾಗ ಸಾಲಿನಿಂದ ಉಸಿರು ಎಳೆದುಕೊಂಡ ಸದ್ದು ಕೇಳುತ್ತಿತ್ತು. ಕೆಟ್ಟವರಲ್ಲ ಅವರು. ವಾರಿಜಾಳಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು. ಕತ್ತಲೆಯಲ್ಲಿ ಕೂತು ಅವಳೂ ಹಾಗೆಯೇ ಉಸಿರೆಳೆದುಕೊಂಡಿದ್ದಳು.

ಸಾಲಿನ ಕೊನೆಯಲ್ಲಿ ರೊಸಾರಿಯೊ ನಿಂತಿದ್ದ. ಅವಳನ್ನು ಕಂಡು ಅವನ ಮುಖ ಸಣ್ಣದಾಯಿತು.

"ನಿಮ್ಮ ಮನೆ ಅಂತ ಗೊತ್ತಿರಲಿಲ್ಲ ವಾರಿಜಕ್ಕ. ನೋಡಿಕೊಂಡು ಬರುವ ಅಂತ ಎಲ್ಲರೂ ಹೊರಟರು, ನಾನೂ ಬಂದೆ."

"ಬಂದದ್ದು ಬಂದಿರಿ. ಈ ಹಂಚು ಹಿಡೀರಿ."

ಅವನು ಕೊಡೆ ಮಡಚಿ ಮಧ್ಯಾಹ್ನದವರೆಗೆ ಹಂಚು ಹೊತ್ತ. ಮನೆ ಮಾತ್ರ ಬೀಳಲಿಲ್ಲ. ಇಳಿತ ಬಂದು ಕಡಲು ಹಿಂದೆ ಸರಿಯಿತು. ಜನ ಗಂಟೆ ನೋಡಿಕೊಂಡರು, ಹಸಿವೆಯಾಯಿತು, ಒಬ್ಬೊಬ್ಬರಾಗಿ ಹೊರಟರು. "ಮನೆ ಇವತ್ತು ಹೋಗ್ಲಿಕ್ಕಿಲ್ಲ ಮಾರಾಯ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಮನೆ ಹೋದದ್ದು ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ. ಸದ್ದೂ ಹೆಚ್ಚಾಗಲಿಲ್ಲ. ಒದ್ದೆ ಮಣ್ಣಿನ ಗೋಡೆ ಕುಸಿದು ಕೂತಿತು, ತೆರೆ ಬಂದು ತೊಳೆಯಿತು. ನೋಡಲು ಅವರಿಬ್ಬರೇ ಇದ್ದರು. ಚಂದು ಅದಕ್ಕೂ ಬೆನ್ನು ಹಾಕಿ ಹಗ್ಗ ಸುತ್ತುತ್ತಿದ್ದ.

ಕೆಮ್ಮಣ್ಣಿನ ಸೆಲೀನ್ ಬಾಯಿ, ವಾರಿಜಾ ವರ್ಷಗಳಿಂದ ಮೀನು ಕೊಡುತ್ತಿದ್ದ ಮನೆಯವರು, ದನದ ಹಟ್ಟಿಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ಇಳಿಸಿದ ಹಂಚು ಹೊಳೆಯ ದಂಡೆಯಲ್ಲಿಯೇ ಉಳಿಯಿತು, ಹೊದೆಸಲು ಮಾಡು ಇರಲಿಲ್ಲ. ಚಂದು ಬಲೆಗೆ ಹೋಗುವುದನ್ನು ಬಿಟ್ಟ. ಕಡಲಿನ ಮೇಲೆ ಸಿಟ್ಟೇ ಎಂದು ಕೇಳಿದರೆ ಇಲ್ಲವೆನ್ನುತ್ತಿದ್ದ. ಕಡಲಿನ ಸದ್ದು ಕೇಳದಲ್ಲಿ ನಿದ್ದೆ ಬರುವುದಿಲ್ಲ, ನಿದ್ದೆಯಿಲ್ಲದೆ ತೋಳಿನಲ್ಲಿ ಬಲವಿಲ್ಲ ಎಂದಷ್ಟೇ ಹೇಳುತ್ತಿದ್ದ. ಅರುವತ್ತನಾಲ್ಕರಲ್ಲಿ ಜ್ವರ ಬಂದು ಎಂಟು ದಿನ ಮಲಗಿ ತೀರಿಕೊಂಡ.

ಆ ಮೇಲೆ ವಾರಿಜಾ ಒಂದೇ ಸಲ ಟಾಕೀಸಿಗೆ ಹೋದಳು. ಪ್ರವಾಹವಿತ್ತು, ದೊಡ್ಡ ಪ್ರವಾಹ. ಆದರೆ ಅವಳ ಕಣ್ಣು ನೀರಿನ ಕಡೆಗೆ ಹೋಗಲಿಲ್ಲ. ಓಡುವ ಜನರಲ್ಲಿ ಯಾರ ಕೈಯಲ್ಲಿ ಏನಿದೆ, ಯಾರು ಚಾಪೆ ಹಿಡಿದಿದ್ದಾರೆ, ಯಾರು ಬರಿಗೈಯಲ್ಲಿದ್ದಾರೆ, ಇವರು ನಾಳೆ ಎಲ್ಲಿ ಗಂಜಿ ಬೇಯಿಸುತ್ತಾರೆ ಎಂದೇ ನೋಡುತ್ತಿದ್ದಳು. ಲೈಟು ಹಾಕಿದರು. ಒಳಗೆ ಹೋಗುವಾಗ ಎದೆಯ ಭಾರ ಹೇಗಿತ್ತೋ ಹಾಗೆಯೇ ಇತ್ತು.

ಅರುವತ್ತಾರರಲ್ಲಿ, ಮನೆ ಹೋದವರಿಗೆ ಜಾಗ ಕೊಡುತ್ತಾರೆಂದು ಯಾರೋ ಹೇಳಿದರು. ಒಂದು ಕಚೇರಿಯಲ್ಲಿ ಧರ್ಮಪಾಲ ಎಂಬ ಗುಮಾಸ್ತರು ಅವಳನ್ನು ಕೂರಿಸಿ ತಾವೇ ಅರ್ಜಿ ತುಂಬಲು ಹೊರಟರು. ಒಳ್ಳೆಯ ಮನುಷ್ಯ.

"ನಿಮ್ಮ ಹಳೆಯ ಜಾಗದ ಗಡಿ ಹೇಳಿ ಅಮ್ಮ. ಪಶ್ಚಿಮಕ್ಕೆ?"

"ಕಡಲು."

"ಪೂರ್ವಕ್ಕೆ?"

"ಹೊಳೆ ಇತ್ತು. ಹೋದ ಮಳೆಗಾಲದಲ್ಲಿ ಎರಡೂ ಒಂದಾಯ್ತು."

ಅವರು ಪೆನ್ನು ಕೆಳಗಿಟ್ಟರು. "ಹಾಗಾದರೆ ಜಾಗ ಇತ್ತು ಅಂತ ಹೇಳುವ ಸಾಕ್ಷಿ ಇಬ್ಬರು ಬೇಕು. ಪಕ್ಕದ ಜಾಗದವರೇ ಆಗಬೇಕು. ನೆರೆಯವರು ಯಾರಾದರೂ ಉಂಟಾ?"

ನೆರೆಯವರಲ್ಲಿ ಕೆಲವರು ಬೊಂಬಾಯಿಗೆ ಹೋಗಿದ್ದರು, ಉಳಿದವರು ಎಲ್ಲಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ವಿಚಾರಿಸಿ ಬರುತ್ತೇನೆ ಎಂದು ಎದ್ದಳು. ಇಬ್ಬರು ಸಿಗಲಿಲ್ಲ, ಆ ಅರ್ಜಿ ಪೂರ್ತಿಯಾಗಲೇ ಇಲ್ಲ. ವಾರಿಜಾ ಸೆಲೀನ್ ಬಾಯಿಯ ಹಟ್ಟಿಯ ಪಕ್ಕದ ಕೋಣೆಯಲ್ಲಿಯೇ ಉಳಿದಳು.