ಸೀಟ್ ಕವರಿನ ಕೆಳಗೆ ಉಳಿದ ಬಕಲ್

ಕೋವಿಡ್ ಹಾವಳಿ ಮುಗಿದ ಮರುವರ್ಷ. ಗೋವಿಂದರಾಜನಗರದಲ್ಲಿ ಕಾರ್ ಸೀಟ್ ಕವರ್ ಹೊಲಿಯುವ ಅಂಗಡಿ ನನ್ನದು. ಕಸುಬಿಗೆ ಇಳಿದು ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಹೊಸ ಕಾರುಗಳು ದೇವಸ್ಥಾನದ ಮುಂದೆ ನಿಂಬೆಹಣ್ಣು ಜಜ್ಜಿ ನೇರ ನಮ್ಮಲ್ಲಿಗೆ ಬರುತ್ತಿದ್ದವು. ಸುಕ್ಕಿಲ್ಲದ ಕೆಲಸ ಎಂದು ನನಗೆ ಹೆಸರಿತ್ತು. ಹೆಸರಿಗೆ ತಕ್ಕ ಜಂಬವೂ ಇತ್ತು.

ಸುಕ್ಕು ಬಾರದಿರಲು ಒಂದು ಸುಲಭದ ದಾರಿಯಿದೆ. ಹಿಂದಿನ ಸೀಟಿನಲ್ಲಿ ಮೂರು ಬಕಲ್ ಇರುತ್ತವೆ. ಬೆಲ್ಟಿನ ತುದಿ ಹೋಗಿ ಕ್ಲಿಕ್ ಎಂದು ಕೂರುವ ಗೂಡು ಅದು. ಸರಿಯಾಗಿ ಮಾಡುವುದಾದರೆ ಪ್ರತಿ ಬಕಲ್‌ಗೂ ಕವರಿನಲ್ಲಿ ತೂತು ಕತ್ತರಿಸಿ ಅಂಚು ಹೊಲಿಯಬೇಕು. ನಾವು ಬಕಲ್‌ಗಳನ್ನು ಒಳಕ್ಕೆ ಅದುಮಿ ಮೇಲೆ ಕವರ್ ಎಳೆದುಬಿಡುತ್ತಿದ್ದೆವು. ಹಿಂದೆ ಕೂತವರು ಯಾರು ಬೆಲ್ಟ್ ಹಾಕುತ್ತಾರೆ ಎಂಬ ಧೈರ್ಯ. ಗಿರಾಕಿಗಳೇ "ಚುಚ್ಚತ್ತೆ, ಮುಚ್ಚಿಬಿಡಿ" ಎನ್ನುತ್ತಿದ್ದರು.

ಬಸವೇಶ್ವರನಗರದ ಮಂಜುನಾಥ್ ಹೈಸ್ಕೂಲು ಮೇಷ್ಟ್ರು. ಹೆಂಡತಿ ಸುಧಾ, ಮೂರು ವರ್ಷದ ಮಗಳು ಸಾನ್ವಿ, ಮೂವರೂ ಬಂದು ಕಂದು ಬಣ್ಣದ ಕವರ್ ಆರಿಸಿದರು. ಕೆಲಸ ಮುಗಿದ ಮೇಲೆ ಮಗು ಹಿಂದಿನ ಸೀಟಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಜಾರಿ ಆಡಿತು. ಮೇಷ್ಟ್ರಿಗೆ ತೃಪ್ತಿಯಾಯಿತು.

ನಾಲ್ಕು ತಿಂಗಳಾದ ಮೇಲೆ, ಆಯುಧಪೂಜೆಯ ಹಿಂದಿನ ವಾರ, ಗುರುವಾರ ಬೆಳಿಗ್ಗೆ ಅವರ ಫೋನ್ ಬಂತು. ಅಂಗಡಿ ಮುಂದೆ ಆರು ಕಾರು ನಿಂತಿದ್ದವು.

"ಸಾರ್, ಮಗೂಗೆ ಚೈಲ್ಡ್ ಸೀಟ್ ತಂದಿದೀನಿ. ಬೆಲ್ಟಲ್ಲೇ ಬಿಗೀಬೇಕಂತೆ. ಬಕಲ್ಲೇ ಸಿಗ್ತಿಲ್ವಲ್ಲ?"

"ಕವರ್ ಕೆಳಗಿದೆ ಸಾರ್. ಈ ವಾರ ಪುರುಸೊತ್ತಿಲ್ಲ, ಭಾನುವಾರ ಬನ್ನಿ."

"ನಾನೇ ಕತ್ತರಿ ಹಾಕ್ಲಾ?"

"ಅಯ್ಯೋ ಬೇಡಿ ಸಾರ್, ಪೂರ್ತಿ ಕವರ್ ಹಾಳಾಗತ್ತೆ. ಮೂರು ದಿನ ತಾನೆ? ಅಮ್ಮನ ತೊಡೆ ಮೇಲೆ ಕೂರಿಸ್ಕೊಳ್ಳಿ. ಅದಕ್ಕಿಂತ ಸೇಫ್ ಜಾಗ ಯಾವ್ದಿದೆ ಹೇಳಿ!"

ನಕ್ಕು ಫೋನಿಟ್ಟೆ. ಅವರೂ ನಕ್ಕರು.

ಭಾನುವಾರ ಅವರು ಬರಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ನನಗೂ ಮರೆತುಹೋಯಿತು. ಹಬ್ಬ ಕಳೆದು ವಾರದ ಮೇಲೆ, ಒಂದು ಮಧ್ಯಾಹ್ನ ನಡೆದುಕೊಂಡೇ ಬಂದರು. "ಕಾರೆಲ್ಲಿ ಸಾರ್, ಮಗಳೆಲ್ಲಿ?" ಎಂದೆ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಪಾಠ ಒಪ್ಪಿಸಿದಂತೆ ಹೇಳಿದರು. ನನಗೆ ಫೋನ್ ಮಾಡಿದ ವಾರದ ಶನಿವಾರ ನಾಗರಬಾವಿ ರಿಂಗ್ ರಸ್ತೆಯಲ್ಲಿ ಮುಂದಿದ್ದ ನೀರಿನ ಟ್ಯಾಂಕರ್ ತಟ್ಟನೆ ನಿಂತಿತು. ಇವರು ಬ್ರೇಕ್ ತುಳಿದರೂ ಕಾರು ಹೋಗಿ ಗುದ್ದಿತು. ಬಾನೆಟ್ ನಜ್ಜಾಯಿತು, ಅಷ್ಟೆ. ಹಿಂದೆ ಸುಧಾ ಅವರ ತೊಡೆಯ ಮೇಲಿದ್ದ ಮಗು ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ಹಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಒಂದು ದಿನವಿತ್ತು, ಉಳಿಯಲಿಲ್ಲ.

ನನಗೆ ಅಳು ಬರಲಿಲ್ಲ. ಕೈಯಲ್ಲಿ ಕತ್ತರಿ ಇತ್ತು, ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಅಂಥಾ ಪೆಟ್ಟಲ್ಲಿ ಯಾರ ಕೈಲೂ ಮಗು ನಿಲ್ಲಲ್ಲ ಅಂತ ಡಾಕ್ಟ್ರು ಹೇಳಿದ್ರು. ಸುಧಾ ಕೇಳ್ತಿಲ್ಲ. ನಾನೇ ಕೈಬಿಟ್ಟೆ ಅಂತ ಊಟ ಬಿಟ್ಟಿದಾಳೆ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತೀಯ ಅಂತಾಳೆ. ನೀವೊಂದ್ಸಲ ಬಂದು ಹೇಳ್ತೀರಾ?"

ಹೋಗಲು ನನಗೆ ಇಷ್ಟವಿರಲಿಲ್ಲ. ಕೆಲಸವಿದೆ ಎನ್ನಲು ಬಾಯಿ ತೆರೆದೆ. ಅದೇ ಮಾತನ್ನು ಆ ಗುರುವಾರ ಫೋನಿನಲ್ಲಿ ಹೇಳಿದ್ದೆನಲ್ಲ ಎಂದು ನಾಚಿಕೆಯಾಯಿತು. ಶಟರ್ ಎಳೆದು ಅವರ ಜೊತೆ ಹೊರಟೆ.

ಮನೆಯಲ್ಲಿ ಸುಧಾ ಗೋಡೆಗೆ ಒರಗಿ ಕೂತಿದ್ದರು. ನಡುಮನೆಯ ಮೂಲೆಯಲ್ಲಿ ಚೈಲ್ಡ್ ಸೀಟ್ ಪ್ಲಾಸ್ಟಿಕ್ ಕೂಡ ಬಿಚ್ಚದೆ ಇತ್ತು. ನಿಂತುಕೊಂಡೇ ಹೇಳಿದೆ: "ಅಮ್ಮಾ, ಬಕಲ್ ಮುಚ್ಚಿದ್ದು ನಾನು. ಕತ್ತರಿ ಹಾಕ್ಬೇಡಿ ಅಂದಿದ್ದು ನಾನು. ತೊಡೆ ಮೇಲೆ ಕೂರಿಸ್ಕೊಳ್ಳಿ ಅಂದಿದ್ದೂ ನಾನೇ. ನಿಮ್ಮ ಕೈ ಏನೂ ತಪ್ಪು ಮಾಡ್ಲಿಲ್ಲ."

ಅವರು ನನ್ನ ಮುಖ ನೋಡಿದರು. "ಗಟ್ಟಿಯಾಗಿ ಹಿಡ್ಕೊಂಡಿದ್ದೆ ಸಾರ್" ಎಂದರು.

"ಗೊತ್ತಮ್ಮ" ಎಂದೆ. ಆಗ ಅವರು ಅತ್ತರು. ಮೇಷ್ಟ್ರು ಒಳಗೆ ಹೋಗಿ ತಟ್ಟೆಗೆ ಅನ್ನ ಹಾಕಿಕೊಂಡು ಬಂದರು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಈಗ ನನ್ನಲ್ಲಿ ಹೊಲಿಯುವ ಪ್ರತಿ ಕವರಿನಲ್ಲೂ ಬಕಲ್ ಹೊರಗಿರುತ್ತದೆ. ಸುಕ್ಕು ಬಂತೆಂದು ಮುನಿದವರನ್ನು ಪಕ್ಕದ ಅಂಗಡಿಗೆ ಕಳಿಸುತ್ತೇನೆ. ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿ ಕರೆದೆ, ಬಂದವರು ಕಡಿಮೆ. ಕಸುಬು ನನಗೆ ಕಲಿಸಿದ್ದು ಇಷ್ಟೆ: ನನಗೆ ಗೊತ್ತಿದ್ದದ್ದು ಬಟ್ಟೆ, ಫೋಮು, ದಾರ. ಮಗು ಎಲ್ಲಿ ಕೂರಬೇಕೆಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಿತ್ತು. ಬಲ್ಲವನ ದನಿಯಲ್ಲಿ ಹೇಳಿದೆ, ಓದಿದ ಮೇಷ್ಟ್ರು ನಂಬಿಬಿಟ್ಟರು.